ಸ್ಕ್ಯಾನ್ ಬೇಡ, ಟೈಪ್ ಮಾಡಿದ ಫೈಲ್ ಬೇಕು: ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳ ಪಠ್ಯಪುಸ್ತಕದ ಬಗ್ಗೆ

ಕೇಳಿ ಓದುವವಳು, ಕಾಸರಗೋಡು

ಎಲ್ಲರಿಗೂ ನಮಸ್ಕಾರ. ನಾನು ಬಿಎ ಕನ್ನಡ ಓದುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಓದುತ್ತೇನೆ. ಪರದೆಯ ಮೇಲಿನ ಅಕ್ಷರವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರುಗಳು ಇವು. ಎರಡೂ ದುಡ್ಡಿಲ್ಲದೆ ಸಿಗುತ್ತವೆ, ಎರಡರಲ್ಲೂ ಕನ್ನಡ ಓದುವ ದನಿ ಇದೆ. ಆದರೂ ನನ್ನದೇ ಪಠ್ಯಪುಸ್ತಕ ನನಗೆ ಓದಲು ಆಗುತ್ತಿಲ್ಲ. ನನ್ನ ಹಾಗೆ ಇನ್ನೂ ಕೆಲವರು ಇದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂತಲ್ಲ, ಅದರ ಜೊತೆ ಸಿಲೆಬಸ್ಸೂ ಬದಲಾಯಿತು. ಹಿಂದಿನ ಅಕ್ಕಂದಿರಿಗೆ ಯಾರೋ ಪುಣ್ಯಾತ್ಮರು ಓದಿ ರೆಕಾರ್ಡ್ ಮಾಡಿಟ್ಟಿದ್ದ ಪಾಠಗಳಲ್ಲಿ ಹೆಚ್ಚಿನವು ಈಗ ಉಪಯೋಗಕ್ಕಿಲ್ಲ. ಹೊಸ ಪಾಠ ನನಗೆ ಬರುವ ದಾರಿ ಇದು: ಪುಸ್ತಕದ ಝೆರಾಕ್ಸ್, ಝೆರಾಕ್ಸಿನ ಫೋಟೋ, ಫೋಟೋಗಳನ್ನು ಒಟ್ಟು ಮಾಡಿದ ಒಂದು ಪಿಡಿಎಫ್, ಅಲ್ಲಿಂದ ವಾಟ್ಸಾಪ್ ಗುಂಪು. ಅದನ್ನು ತೆರೆದರೆ ನನಗೆ ಏನೂ ಕೇಳುವುದಿಲ್ಲ. ಚಿತ್ರ ಇದೆ, ಅಕ್ಷರ ಇಲ್ಲ.

ಆಮೇಲೆ ಓಸಿಆರ್ ಹಾಕುತ್ತೇನೆ, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿ ಟೈಪ್ ಮಾಡಿದ ಹಾಗೆ ಮಾಡಿಕೊಡುವ ತಂತ್ರ. ಗೂಗಲ್ ಡ್ರೈವಿನಲ್ಲಿ ಕನ್ನಡಕ್ಕೂ ಆಗುತ್ತದೆ, ಒಳ್ಳೆಯ ಅಚ್ಚಿನ ಪುಟವಾದರೆ ಚೆನ್ನಾಗಿಯೇ ಬರುತ್ತದೆ. ಆದರೆ ಝೆರಾಕ್ಸಿನ ಫೋಟೋದಲ್ಲಿ ‘ದ’ ಮತ್ತು ‘ಧ’ ಒಂದೇ ಆಗುತ್ತವೆ, ‘ಪ’ ಇದ್ದಲ್ಲಿ ‘ಷ’ ಬರುತ್ತದೆ, ಸೊನ್ನೆ ಯಾವುದು ಅನುಸ್ವಾರ ಯಾವುದು ಎಂದು ತಿಳಿಯುವುದಿಲ್ಲ. ಅರ್ಕಾವೊತ್ತು ಇದ್ದಲ್ಲೆಲ್ಲ ಕನ್ನಡದ ಒಂಬತ್ತು ಬಂದು ಕೂರುತ್ತದೆ. ‘ಧರ್ಮ’ ಎನ್ನುವ ಪದ ‘ದಮ ಒಂಬತ್ತು’ ಎಂದು ಕೇಳಿದರೆ ಊಹಿಸಬಹುದು. ಹಳಗನ್ನಡದ ಪದ್ಯದಲ್ಲಿ ಊಹಿಸುವುದು ಹೇಗೆ?

ನನಗೆ ಅರ್ಥವಾಗದೆ ಇರುವುದು ಒಂದೇ. ಆ ಪುಸ್ತಕ ಅಚ್ಚಾಗುವ ಮೊದಲು ಯಾರದೋ ಕಂಪ್ಯೂಟರಿನಲ್ಲಿ ಪೂರ್ತಿ ಟೈಪ್ ಆಗಿತ್ತು, ಅಲ್ವಾ? ಈಗಲೂ ಅಲ್ಲಿ ಇರಬಹುದು. ಆ ಫೈಲನ್ನೇ ಕೊಟ್ಟರೆ ಆಗುವುದಿಲ್ಲವಾ? ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ಗೊತ್ತಿದ್ದವರು ದಯವಿಟ್ಟು ಹೇಳಿ.

ಉಪ್ಪಳದ ಅಣ್ಣ

ತಂಗೀ, ನಮ್ಮ ಯುವಕ ಸಂಘದಲ್ಲಿ ಓದಲು ಸಿದ್ಧ ಇರುವವರು ಇದ್ದಾರೆ. ಯಕ್ಷಗಾನದ ಅರ್ಥ ಹೇಳುವವರು, ಒಳ್ಳೆ ಸ್ವರ ಇದೆ. ಪಾಠ ಕಳಿಸಿದರೆ ಓದಿ ವಾಯ್ಸ್ ನೋಟ್ ಮಾಡಿ ಕಳಿಸುತ್ತೇವೆ. ಅದು ಎಲ್ಲಕ್ಕಿಂತ ಬೇಗ ಆಗುವ ಕೆಲಸ ಅಲ್ವಾ?

ಕೇಳಿ ಓದುವವಳು, ಕಾಸರಗೋಡು

ಅಣ್ಣಾ, ತುಂಬಾ ಸಂತೋಷ. ಪದ್ಯಗಳನ್ನು ಖಂಡಿತ ಓದಿಸಿ. ಹಳಗನ್ನಡವನ್ನು ಯಂತ್ರದ ದನಿ ಓದುವುದಕ್ಕೂ ಪದ ಬಿಡಿಸಿ ಓದಲು ಗೊತ್ತಿರುವ ಮನುಷ್ಯರು ಓದುವುದಕ್ಕೂ ಹೋಲಿಕೆಯೇ ಇಲ್ಲ.

ಆದರೆ ಆಡಿಯೋ ಮಾತ್ರ ಇದ್ದರೆ ಸಾಲದು. ಪರೀಕ್ಷೆಯಲ್ಲಿ ನಾನು ಹೇಳುತ್ತೇನೆ, ಸ್ಕ್ರೈಬ್ ಬರೆಯುತ್ತಾರೆ. ಕನ್ನಡ ಬರೆಯಲು ಬರುವ ಸ್ಕ್ರೈಬ್ ಸಿಗುವುದೇ ಇಲ್ಲಿ ಕಷ್ಟ. ಸಿಕ್ಕಿದವರು ಎಷ್ಟೋ ಸಲ ಪ್ಲಸ್ ಟು ಮಕ್ಕಳು, ಮನೆಯಲ್ಲಿ ತುಳುವೋ ಮಲಯಾಳವೋ ಮಾತಾಡುವವರು. ‘ವಿಶೇಷ’ದಲ್ಲಿ ಯಾವ ಶ ಮೊದಲು ಎಂದು ಅವರು ನನ್ನನ್ನೇ ಕೇಳುತ್ತಾರೆ. ಕಿವಿಯಲ್ಲಿ ಮಾತ್ರ ಕೇಳಿದವಳಿಗೆ ಅದು ಹೇಗೆ ಗೊತ್ತಾಗಬೇಕು? ಫೈಲ್ ಇದ್ದರೆ ಬಾಣದ ಕೀಲಿ ಒತ್ತುತ್ತಾ ಅಕ್ಷರ ಅಕ್ಷರವಾಗಿ ಕೇಳುತ್ತೇನೆ. ಮಹಾಪ್ರಾಣ ಎಲ್ಲಿದೆ, ಒತ್ತು ಯಾವುದು, ಎಲ್ಲ ತಿಳಿಯುತ್ತದೆ. ಬೇಕಾದ ಪದ ಹುಡುಕಬಹುದು. ಅಸೈನ್‌ಮೆಂಟಿಗೆ ಒಂದು ವಾಕ್ಯ ಎತ್ತಿ ಹಾಕಬಹುದು. ಒಂದು ಗಂಟೆಯ ವಾಯ್ಸ್ ನೋಟಿನಲ್ಲಿ ಒಂದು ವಾಕ್ಯ ಹುಡುಕುವುದು ಎಷ್ಟು ಕಷ್ಟ ಅಂತ ಒಮ್ಮೆ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಬದಿಯಡ್ಕ ಡಿಟಿಪಿ

ನಾನು ಡಿಟಿಪಿ, ಅಂದರೆ ಅಚ್ಚಿಗೆ ಟೈಪ್ ಮಾಡಿ ಪುಟ ಜೋಡಿಸುವ ಕೆಲಸದಲ್ಲೇ ಇರುವವನು. ಆಮಂತ್ರಣ ಪತ್ರಿಕೆ, ಬ್ರಹ್ಮಕಲಶದ ಸ್ಮರಣ ಸಂಚಿಕೆ, ಕಾಲೇಜು ಮ್ಯಾಗಝೀನ್, ಕೆಲವು ಪಠ್ಯಪುಸ್ತಕ, ಎಲ್ಲ ಮಾಡುತ್ತೇನೆ. ತಂಗಿ ಹೇಳಿದ್ದು ಸರಿ, ಫೈಲ್ ಇರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಆದರೆ ಆ ಫೈಲ್ ಕೈಗೆ ಬಂದ ಕೂಡಲೇ ಓದಲು ಆಗುವುದಿಲ್ಲ.

ಕಾರಣ ಇದು. ನಮ್ಮಲ್ಲಿ ಈಗಲೂ ಪೇಜ್‌ಮೇಕರ್ ಬಳಸುವವರು ಬೇಕಾದಷ್ಟು ಜನ ಇದ್ದಾರೆ. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿಗೂ ಗೊತ್ತಾಗುವ ತನ್ನದೇ ಸಂಕೇತ ಇರುವ ಬರಹ, ಬರುವುದಿಲ್ಲ. ಅದಕ್ಕೆ ನುಡಿ, ಬರಹ, ಶ್ರೀಲಿಪಿ ಇಂಥ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟು. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಹೊಡೆದದ್ದನ್ನು ಫಾಂಟ್ ತೆಗೆದು ನೋಡಿ. ಮೊದಲು ಇಂಗ್ಲಿಷಿನ ‘ಪಿ’, ಆಮೇಲೆ ತಲೆಯ ಮೇಲೆ ಓರೆಗೆರೆ ಇರುವ ‘ಎ’, ಆಮೇಲೆ ಪೌಂಡಿನ ಗುರುತು, ಹೀಗೆ ಹೋಗುತ್ತದೆ. ಸ್ಕ್ರೀನ್ ರೀಡರ್ ಓದುವುದು ಅದನ್ನೇ.

ಇದಕ್ಕೆ ಪರಿಹಾರ ಇದೆ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ಓಸಿಆರ್ ಮಾಡಿದ್ದಕ್ಕಿಂತ ಎಷ್ಟೋ ಶುದ್ಧವಾಗಿ ಬರುತ್ತದೆ, ಯಾಕಂದರೆ ಇಲ್ಲಿ ಚಿತ್ರ ನೋಡಿ ಊಹಿಸುವ ಕೆಲಸ ಇಲ್ಲ, ಒಂದು ಚಿಹ್ನೆಗೆ ಇನ್ನೊಂದು. ನಡುವೆ ಬಂದ ಇಂಗ್ಲಿಷ್ ಪದ ಮಾತ್ರ ಕೆಡುತ್ತದೆ, ಅದನ್ನು ಕೈಯಲ್ಲಿ ಸರಿಮಾಡಬೇಕು. ಕೆಲವು ಒತ್ತಕ್ಷರವನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಪಿಡಿಎಫ್ ಕೇಳಬೇಡಿ. ಯೂನಿಕೋಡಿನಲ್ಲೇ ಮಾಡಿದ ಕನ್ನಡ ಪಿಡಿಎಫ್ ಕೂಡ ಕಾಪಿ ಮಾಡಿದರೆ ಒತ್ತು, ಗುಣಿತ ಹಿಂದುಮುಂದಾಗುವುದು ಉಂಟು. ವರ್ಡ್ ಫೈಲ್ ಕೇಳಿ, ಇಲ್ಲವೇ ಇ-ಪುಸ್ತಕದ ರೂಪವಾದ ಈಪಬ್.

ಪೆರ್ಲದ ಅಮ್ಮ

ನನ್ನ ಮಗನಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವುದರಲ್ಲಿ ತೊಂದರೆ. ಈ ಚರ್ಚೆಯಲ್ಲಿ ನಮಗೆ ಜಾಗ ಉಂಟಾ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿದ್ದಾಗ ಎಲ್ಲರೂ ಹೇಳಿದ್ದು ಒಂದೇ, ಒಂದು ಭಾಷೆ ಬಿಟ್ಟುಬಿಡಿ, ವಿನಾಯಿತಿ ಸಿಗುತ್ತದೆ. ಬಿಡಬೇಕಾದದ್ದು ಯಾವುದು? ಮಲಯಾಳ ಬಿಟ್ಟರೆ ನಾಳೆ ಕೆಲಸಕ್ಕೆ ಕಷ್ಟ, ಇಂಗ್ಲಿಷ್ ಬಿಡಲಾಗದು. ಉಳಿದದ್ದು ಕನ್ನಡ. ಅವನಿಗೆ ಕನ್ನಡ ಕಥೆ ಅಂದರೆ ಪ್ರಾಣ. ಓದಿ ಹೇಳಿದರೆ ಸಾಲು ಸಾಲು ನೆನಪಿಟ್ಟುಕೊಳ್ಳುತ್ತಾನೆ. ಪುಟ ನೋಡಿದರೆ ಮಾತ್ರ ಒತ್ತಕ್ಷರಗಳೆಲ್ಲ ಮೇಲಿನ ಸಾಲು ಕೆಳಗಿನ ಸಾಲು ಅಂತ ಕಲಸಿಹೋಗುತ್ತವೆ ಅನ್ನುತ್ತಾನೆ. ನಾವು ಬಿಡಲಿಲ್ಲ. ಈಗ ಕಾಲೇಜಿನಲ್ಲಿ ಎರಡನೇ ಭಾಷೆ ಕನ್ನಡವೇ. ಆದರೆ ಕೈಗೆ ಬರುವುದು ಅದೇ ಮಸುಕು ಝೆರಾಕ್ಸ್.

ಲೈಬ್ರರಿ ಅಕ್ಕ

ಪೆರ್ಲದ ಅಮ್ಮಾ, ನಿಮಗೂ ನಿಮ್ಮ ಮಗನಿಗೂ ಇಲ್ಲಿ ಪೂರ್ತಿ ಜಾಗ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ, ಅದರಲ್ಲಿ ಕಲಿಕಾ ನ್ಯೂನತೆಯೂ ಒಂದು. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳು ಮಾತ್ರ, ಆಗ ಡಿಸ್ಲೆಕ್ಸಿಯಾ ಅದರಲ್ಲಿ ಇರಲಿಲ್ಲ.

ಮರಾಕೇಶ್ ಒಪ್ಪಂದ ಅಂತ ಒಂದಿದೆ. ಅಚ್ಚಾದ ಪುಸ್ತಕ ಓದಲಾಗದವರಿಗೆ ಓದುವ ರೂಪದಲ್ಲಿ ಪ್ರತಿ ಮಾಡಿಕೊಡಲು ದೇಶ ದೇಶಗಳು 2013ರಲ್ಲಿ ಮಾಡಿಕೊಂಡದ್ದು. ಅದನ್ನು ಮೊಟ್ಟಮೊದಲು ಅನುಮೋದಿಸಿದ ದೇಶ ನಮ್ಮದು, 2014ರ ಜೂನಿನಲ್ಲಿ. ಅದರಲ್ಲಿ ಕಣ್ಣು ಕಾಣದವರು, ಓದಿನ ತೊಂದರೆ ಇರುವವರು, ದೇಹದ ತೊಂದರೆಯಿಂದ ಪುಸ್ತಕ ಹಿಡಿಯಲು, ಪುಟ ಮಗುಚಲು ಆಗದವರು, ಮೂರೂ ಬಗೆಯವರು ಬರುತ್ತಾರೆ.

ಅದಕ್ಕಿಂತ ಮೊದಲೇ, 2012ರಲ್ಲಿ, ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಸೆಕ್ಷನ್ 52ರ ಒಂದನೇ ಉಪವಿಭಾಗದಲ್ಲಿ ಝಡ್‌ಬಿ ಎಂಬ ಕಲಂ. ಅಂಗವಿಕಲರಿಗೆ ಓದಲು ಅನುಕೂಲ ಆಗುವ ರೂಪದಲ್ಲಿ ಯಾವ ಕೃತಿಯನ್ನಾದರೂ ಪ್ರತಿ ಮಾಡಿ ಅವರಿಗೆ ಕೊಟ್ಟರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ. ಸಂಸ್ಥೆಗಳೂ ಮಾಡಬಹುದು, ನಿಮ್ಮ ನಮ್ಮಂಥವರು ಯಾರು ಬೇಕಾದರೂ ಮಾಡಬಹುದು. ಲಾಭಕ್ಕೆ ಮಾರಬಾರದು, ತಯಾರಿಸಿದ ಖರ್ಚು ಮಾತ್ರ ತೆಗೆದುಕೊಳ್ಳಬಹುದು. ಆ ಪ್ರತಿ ಅಂಗಡಿ ವ್ಯಾಪಾರಕ್ಕೆ ಸೇರದ ಹಾಗೆ ಸಂಸ್ಥೆಗಳು ಎಚ್ಚರ ವಹಿಸಬೇಕು. ಹಾಗಾಗಿ ಯುವಕ ಸಂಘದವರು ಹೆದರದೆ ಮಾಡಬಹುದು.

ಒಂದು ವಿಷಯ ಮಾತ್ರ ನನಗೆ ಬೇಸರ. 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಪುಸ್ತಕ, ಕಲಿಕಾ ಸಾಮಗ್ರಿ ಉಚಿತವಾಗಿ ಕೊಡಬೇಕು ಎಂದಿದೆ. ಆದರೆ ಅದು 18 ವರ್ಷದವರೆಗೆ. ಕಾಲೇಜಿಗೆ ಬರುವ ಹೊತ್ತಿಗೆ ಆ ವಯಸ್ಸು ದಾಟಿರುತ್ತದೆ. ಹಾಗಂತ ಕಾಲೇಜಿಗೆ ಜವಾಬ್ದಾರಿಯೇ ಇಲ್ಲ ಎಂದಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೂ ಬೇಕಾದ ಅನುಕೂಲ ಮಾಡಿಕೊಡಬೇಕು ಎಂದು 16ನೇ ಸೆಕ್ಷನ್ನಿನಲ್ಲಿ ಇದೆ. ಅರ್ಜಿ ಬರೆಯುವಾಗ ಅದನ್ನು ಹೆಸರಿಸಿ ಬರೆಯಿರಿ.

ಎಣ್ಮಕಜೆಯಿಂದ

ಪುಟ ಮಗುಚಲು ಆಗದವರೂ ಬರುತ್ತಾರೆ ಎಂದು ಓದಿದ ಮೇಲೆ ಬರೆಯುತ್ತಿದ್ದೇನೆ. ನನ್ನ ಕೈಗಳಿಗೆ ಬಲ ಇಲ್ಲ. ನಮ್ಮ ಕಡೆ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. ನಮ್ಮ ಊರಿನ ಅಂಗವಿಕಲ ಮಕ್ಕಳ ಬಗ್ಗೆ ಪೇಪರಿನಲ್ಲಿ ಬರುವುದು ಪರಿಹಾರದ ಸುದ್ದಿ, ಚಿಕಿತ್ಸೆಯ ಸುದ್ದಿ. ನಮ್ಮಲ್ಲಿ ಕಾಲೇಜು ಓದುವವರೂ ಇದ್ದೇವೆ, ನಮಗೆ ಪುಸ್ತಕವೂ ಬೇಕು ಎಂದು ಯಾರಿಗೂ ತೋಚುವುದೇ ಇಲ್ಲ.

ದಪ್ಪ ಪುಸ್ತಕ ನನಗೆ ತೆರೆದು ಹಿಡಿಯಲು ಆಗುವುದಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಪುಟ ತಿರುಗಿಸಬೇಕು. ಫೋನಿನಲ್ಲಿ ಫೈಲ್ ಇದ್ದರೆ ಒಂದು ಬೆರಳಲ್ಲಿ ಆಗುತ್ತದೆ, ಅಮ್ಮ ತೋಟಕ್ಕೆ ಹೋಗಬಹುದು. ನನಗೆ ಸ್ಕ್ಯಾನ್ ಆದರೂ ನಡೆಯುತ್ತದೆ. ಆದರೆ ಅಕ್ಷರ ದೊಡ್ಡದು ಮಾಡಿದರೆ ಪಕ್ಕಕ್ಕೆ ಸರಿಸುತ್ತಾ ಇರಬೇಕು, ಬೆರಳು ಸೋಲುತ್ತದೆ. ಟೈಪ್ ಮಾಡಿದ ಫೈಲಿನಲ್ಲಿ ಸಾಲು ತಾನಾಗಿ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ.

ಕುಂಬಳೆಯ ಮಾಷ್ಟ್ರು

ನಿವೃತ್ತನಾಗಿ ಕೆಲವು ವರ್ಷ ಆಯಿತು. ಹಳಗನ್ನಡ, ಛಂದಸ್ಸು ಪಾಠ ಮಾಡುತ್ತಿದ್ದವನು. ಒಂದು ಸಂಶಯ ಕೇಳುತ್ತೇನೆ ಮಗಳೇ. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಅಕ್ಷರದ ತಲೆಯ ಮೇಲೆ ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ ಹಾಕುತ್ತೇವೆ. ಅದು ಫೈಲಿನಲ್ಲಿ ನಿನಗೆ ಹೇಗೆ ಸಿಗುತ್ತದೆ?

ಕೇಳಿ ಓದುವವಳು, ಕಾಸರಗೋಡು

ಸಿಗುವುದೇ ಇಲ್ಲ ಸರ್. ಆ ಗುರುತುಗಳನ್ನು ಹೆಚ್ಚಾಗಿ ಚಿತ್ರದ ಹಾಗೆ ಗೆರೆ ಎಳೆದು ಹಾಕಿರುತ್ತಾರೆ. ಪದ್ಯ ಮಾತ್ರ ಕೇಳುತ್ತದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಹಾಕುವಾಗ ಟೀಚರ್ ‘ಇದು ಹೀಗೆ, ಇದು ಹೀಗೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಇನ್ನೊಂದು, ಹಳಗನ್ನಡದ ‘ೞ’ ಬಂದರೆ ನನ್ನ ಫೋನಿನ ದನಿ ಅದನ್ನು ಹಾರಿಸಿಬಿಡುತ್ತದೆ. ಯೂನಿಕೋಡಿನಲ್ಲಿ ಆ ಅಕ್ಷರ ಇದೆ, ದನಿಗೆ ಅದು ಗೊತ್ತಿಲ್ಲ.

ಕುಂಬಳೆಯ ಮಾಷ್ಟ್ರು

ಹಾಗಾದರೆ ಹೀಗೆ ಮಾಡೋಣ. ಪದ್ಯದ ಪ್ರತಿ ಸಾಲಿನ ಕೆಳಗೆ ಇನ್ನೊಂದು ಸಾಲು ಟೈಪ್ ಮಾಡುವುದು. ಲಘುವಿಗೆ ‘ಲ’, ಗುರುವಿಗೆ ‘ಗು’. ‘ಕನಕ’ ಎಂದರೆ ಲ ಲ ಲ. ‘ರಾಮ’ ಎಂದರೆ ಗು ಲ. ಎರಡೂ ಮೂರು ಮಾತ್ರೆ. ಗಣ ಮುಗಿದಲ್ಲಿ ಒಂದು ಅಲ್ಪವಿರಾಮ. ಭಾಮಿನಿ ಷಟ್ಪದಿಯ ಮೊದಲ ಸಾಲಾದರೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ಬೀಳುವುದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ನಿಜ ಹೇಳಬೇಕೆಂದರೆ ಕಣ್ಣಿರುವ ಮಕ್ಕಳಿಗೂ ಇದು ಒಳ್ಳೆಯದು. ಛಂದಸ್ಸು ಹುಟ್ಟಿದ್ದೇ ಕಿವಿಗಾಗಿ, ಕಾಗದದ ಮೇಲಿನ ಗುರುತು ಬಂದದ್ದು ಆಮೇಲೆ.

‘ೞ’ ಇದ್ದ ಪದಗಳನ್ನು ಪದ್ಯದ ಕೊನೆಗೆ ಪಟ್ಟಿ ಮಾಡಿ, ಪಕ್ಕದಲ್ಲಿ ಹೊಸಗನ್ನಡ ರೂಪ ಕೊಡಬಹುದು. ಮೂಲ ಪಾಠದಲ್ಲಿ ಅಕ್ಷರ ಬದಲಾಯಿಸುವುದು ಬೇಡ, ಪರೀಕ್ಷೆಯಲ್ಲಿ ಉದ್ಧರಿಸಬೇಕಾದದ್ದು ಮೂಲವನ್ನೇ. ನಿನ್ನ ಸಿಲೆಬಸ್ಸಿನ ಪದ್ಯಭಾಗ ನನಗೆ ಕಳಿಸು. ಟೈಪಿಂಗ್ ನನಗೆ ನಿಧಾನ, ಆದರೆ ಬರುತ್ತದೆ.

ಒಬ್ಬ ಅಧ್ಯಾಪಕ

ಎಲ್ಲರ ಮಾತೂ ಓದಿದೆ. ನಮ್ಮ ಕಡೆಯದೂ ಹೇಳಬೇಕು. ವಾರಕ್ಕೆ ಇಷ್ಟು ಗಂಟೆ ಪಾಠ, ಮೇಲೆ ಇಂಟರ್ನಲ್ ಮಾರ್ಕು, ಆಡಳಿತದ ಕೆಲಸ. ಪುಸ್ತಕ ಗಡಿಯ ಆಚೆ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಎಷ್ಟೋ ಪುಸ್ತಕದ ಪ್ರತಿ ಮುಗಿದಿರುತ್ತದೆ, ಅದಕ್ಕೇ ಝೆರಾಕ್ಸ್. ಪ್ರಕಾಶಕರಿಗೆ ಫೈಲ್ ಕೊಡಿ ಎಂದರೆ ಫೈಲ್ ಹೊರಗೆ ಹೋದರೆ ಎಲ್ಲ ಕಡೆ ಹರಡುತ್ತದೆ ಎಂಬ ಹೆದರಿಕೆ. ಕನ್ನಡ ಪುಸ್ತಕದ ಮಾರಾಟವೇ ಕಡಿಮೆ, ಅವರ ಹೆದರಿಕೆ ಸುಳ್ಳಲ್ಲ.

ಲೈಬ್ರರಿ ಅಕ್ಕ

ಸರ್, ಆ ಹೆದರಿಕೆಗೆ ಉತ್ತರ ಇದೆ. ಫೈಲನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕಾಗಿಲ್ಲ. ಲೈಬ್ರರಿಯ ಹೆಸರಿನಲ್ಲಿ ಕೇಳಿ. ಪತ್ರದಲ್ಲಿ ವಿದ್ಯಾರ್ಥಿಯ ತೊಂದರೆ ಏನು, ಯಾವ ಪುಸ್ತಕ, ಯಾವ ಸೆಮಿಸ್ಟರ್, ಯಾರ ಕೈಗೆ ಮಾತ್ರ ಹೋಗುತ್ತದೆ ಎಂದು ಬರೆಯಿರಿ. ಝಡ್‌ಬಿ ಕಲಂ ಹೆಸರಿಸಿ. ಫೈಲಿನ ಮೊದಲ ಪುಟದಲ್ಲೇ ‘ಅಂಗವಿಕಲ ಓದುಗರಿಗಾಗಿ ಮಾತ್ರ’ ಎಂದು ಹಾಕಿ. ವಾಟ್ಸಾಪಿನಲ್ಲಿ ಈಗ ಹರಡುತ್ತಿರುವುದು ಝೆರಾಕ್ಸ್ ಫೋಟೋಗಳೇ. ಅವು ಕಣ್ಣಿರುವವರಿಗೆಲ್ಲ ಸಿಗುತ್ತಿವೆ, ಕಾಣದವಳಿಗೆ ಮಾತ್ರ ಸಿಗುತ್ತಿಲ್ಲ.

ಪ್ರಕಾಶಕರಿಗೆ ಇನ್ನೊಂದು ದಾರಿ ಸುಗಮ್ಯ ಪುಸ್ತಕಾಲಯ. 2016ರಲ್ಲಿ ಕೇಂದ್ರ ಸರ್ಕಾರದ ಇಲಾಖೆ ಮತ್ತು ಅಚ್ಚು ಓದಲಾಗದವರಿಗಾಗಿ ಕೆಲಸ ಮಾಡುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾ ಸೇರಿ ಶುರು ಮಾಡಿದ ಆನ್‌ಲೈನ್ ಗ್ರಂಥಾಲಯ. ಸದಸ್ಯರಾಗುವುದು ಅಚ್ಚು ಓದಲಾಗದವರು ಮಾತ್ರ. ಅಲ್ಲಿಗೆ ಸೇರಿದ ಪುಸ್ತಕ ಮತ್ತೊಂದು ಊರಿನ ವಿದ್ಯಾರ್ಥಿಗೂ ಸಿಗುತ್ತದೆ. ಇಲ್ಲಿ ಒಬ್ಬರು, ಮೈಸೂರಿನಲ್ಲಿ ಒಬ್ಬರು, ಸೊಲ್ಲಾಪುರದಲ್ಲಿ ಒಬ್ಬರು ಅದೇ ಪುಸ್ತಕವನ್ನು ಬೇರೆ ಬೇರೆ ಸ್ಕ್ಯಾನ್ ಮಾಡಿ ಕಷ್ಟಪಡುವುದು ಯಾಕೆ?

ಹಕ್ಕುಸ್ವಾಮ್ಯ ಮುಗಿದ ಲೇಖಕರಾದರೆ ಈ ಪ್ರಶ್ನೆಯೇ ಇಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳನ್ನು 2024ರಿಂದ ಯಾರು ಬೇಕಾದರೂ ಟೈಪ್ ಮಾಡಿ ಎಲ್ಲರಿಗೂ ಕೊಡಬಹುದು. ಎಲ್ಲರೂ ಉಚಿತವಾಗಿ ಓದಬಹುದಾದ ಆನ್‌ಲೈನ್ ಗ್ರಂಥಭಂಡಾರ ಕನ್ನಡ ವಿಕಿಸೋರ್ಸಿನಲ್ಲಿ ಹಾಕಿದರೆ ಯೂನಿಕೋಡಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಪಂಪ, ಕುಮಾರವ್ಯಾಸ, ವಚನಗಳು ಇವುಗಳಿಗಂತೂ ಯಾರ ಅನುಮತಿಯೂ ಬೇಡ.

ಉಪ್ಪಳದ ಅಣ್ಣ

ಪೈಗಳ ಕವಿತೆ ನಮ್ಮ ಸಂಘಕ್ಕೆ ಬಿಡಿ. ಅವರ ಊರಿನವರೇ ಮಾಡದಿದ್ದರೆ ಹೇಗೆ. ಟೈಪ್ ಮಾಡಲು ನಾಲ್ಕಾರು ಹುಡುಗರು ಸಿಗುತ್ತಾರೆ. ಹೇಗೆ ಟೈಪ್ ಮಾಡಬೇಕು ಎಂದು ಯಾರಾದರೂ ತಿಳಿಸಿ, ಆಮೇಲೆ ಎರಡು ಸಲ ಮಾಡುವ ಹಾಗೆ ಆಗಬಾರದು.

ಬದಿಯಡ್ಕ ಡಿಟಿಪಿ

ಫೋನಿನ ಕನ್ನಡ ಕೀಬೋರ್ಡಿನಲ್ಲಿ ಮಾಡಿದರೂ ಯೂನಿಕೋಡೇ ಬರುತ್ತದೆ, ಅದರ ಚಿಂತೆ ಬೇಡ. ಪಾಠದ ಹೆಸರಿಗೆ ಬರೀ ದಪ್ಪ ಅಕ್ಷರ ಮಾಡಿ ಬಿಡಬೇಡಿ, ವರ್ಡಿನಲ್ಲಿ ಹೆಡಿಂಗ್ ಸ್ಟೈಲ್ ಕೊಡಿ. ಹಾಗೆ ಕೊಟ್ಟರೆ ಸ್ಕ್ರೀನ್ ರೀಡರಿನಲ್ಲಿ ಒಂದು ಕೀಲಿ ಒತ್ತಿ ಪಾಠದಿಂದ ಪಾಠಕ್ಕೆ ಹಾರಬಹುದು. ಅಚ್ಚಿನ ಪುಸ್ತಕದ ಪುಟ ಎಲ್ಲಿ ಶುರುವಾಗುತ್ತದೋ ಅಲ್ಲಿ ‘ಪುಟ 43’ ಎಂದು ಬೇರೆ ಸಾಲಿನಲ್ಲಿ ಹಾಕಿ. ತರಗತಿಯಲ್ಲಿ ಪುಟ 43 ತೆಗೆಯಿರಿ ಎಂದಾಗ ಆ ಹುಡುಗಿಯೂ ಎಲ್ಲರ ಜೊತೆ ತೆಗೆಯಬೇಕಲ್ಲ. ಪೆರ್ಲದ ಅಮ್ಮನ ಮಗನಿಗೆ ಅದೇ ಫೈಲನ್ನು ಸಾಲಿನ ನಡುವೆ ಜಾಸ್ತಿ ಜಾಗ ಬಿಟ್ಟು, ಬಲಗಡೆ ಅಂಚು ಸಮ ಮಾಡದೆ ಕೊಟ್ಟರೆ ಒತ್ತಕ್ಷರ ಕಲಸುವುದು ಕಡಿಮೆಯಾದೀತು. ಒಂದೇ ಫೈಲ್, ಮೂರು ಮಕ್ಕಳಿಗೂ ಆಗುತ್ತದೆ.

ನಾನು ಮಾಡಿದ ಪಠ್ಯಪುಸ್ತಕಗಳ ಫೈಲು ನನ್ನ ಹತ್ತಿರ ಇದೆ. ಹಕ್ಕು ನನ್ನದಲ್ಲ, ಆದರೆ ಸಂಪಾದಕರ ಹತ್ತಿರ ನಾನೇ ಮಾತಾಡುತ್ತೇನೆ. ಅವರು ಒಪ್ಪಿದರೆ ಕನ್ವರ್ಟ್ ಮಾಡುವ ಕೆಲಸ ನನ್ನದು, ದುಡ್ಡು ಬೇಡ.

ಪೆರ್ಲದ ಅಮ್ಮ

ಡಿಟಿಪಿ ಅಣ್ಣಾ, ನಿನ್ನೆ ನೀವು ಹೇಳಿದ ಹಾಗೆ ಒಂದು ಪಾಠ ಟೈಪ್ ಮಾಡಿ ಸಾಲು ಬಿಡಿಬಿಡಿಯಾಗಿ ಇಟ್ಟು ಕೊಟ್ಟೆ. ಫೋನು ಓದುತ್ತಾ ಹೋಗುವಾಗ ಅವನು ಬೆರಳಿಟ್ಟು ಹಿಂಬಾಲಿಸಿದ. ಕೇಳುವುದೂ ಕಾಣುವುದೂ ಒಟ್ಟಿಗೆ ಆದರೆ ಅವನಿಗೆ ಅಕ್ಷರ ನಿಲ್ಲುತ್ತದೆ. ಉಳಿದ ಪಾಠಗಳನ್ನೂ ನಾನೇ ಟೈಪ್ ಮಾಡುತ್ತೇನೆ. ಬೇರೆ ಮಕ್ಕಳಿಗೂ ಬೇಕಾದರೆ ತೆಗೆದುಕೊಳ್ಳಿ.

ಒಬ್ಬ ಅಧ್ಯಾಪಕ

ಇದನ್ನೆಲ್ಲ ಓದಿ ನಮ್ಮ ವಿಭಾಗದಲ್ಲಿ ಮಾತಾಡಿದೆ. ಮುಂದಿನ ಸೆಮಿಸ್ಟರಿನಿಂದ ನಾವು ಕೊಡುವ ನೋಟ್ಸ್, ಪ್ರಶ್ನೆಪತ್ರಿಕೆ, ಇಂಟರ್ನಲ್ ಪರೀಕ್ಷೆಯ ನೋಟೀಸು ಯಾವುದನ್ನೂ ಫೋಟೋ ಹಾಕುವುದಿಲ್ಲ, ಟೈಪ್ ಮಾಡಿಯೇ ಹಾಕುವುದು ಎಂದು ಒಪ್ಪಿದ್ದೇವೆ. ಮಲಯಾಳದಲ್ಲಿ ಬಂದ ಸುತ್ತೋಲೆಯಾದರೆ ಕೆಳಗೆ ಕನ್ನಡದಲ್ಲಿ ಸಾರಾಂಶ. ಪಠ್ಯಪುಸ್ತಕದ ಫೈಲಿಗೆ ಲೈಬ್ರರಿಯ ಮೂಲಕ ಪತ್ರ ಹೋಗುತ್ತದೆ. ಮುಂದೆ ಪಠ್ಯ ಸಂಪಾದಿಸುವಾಗ ಯೂನಿಕೋಡ್ ಫೈಲ್ ಕೊಡಬೇಕು ಎಂಬ ಮಾತನ್ನು ಮೊದಲೇ ಸೇರಿಸಬೇಕು ಎಂದು ಅಧ್ಯಯನ ಮಂಡಳಿಯ ಸದಸ್ಯರಿಗೂ ಹೇಳುತ್ತೇನೆ. ಅಲ್ಲಿ ಒಮ್ಮೆ ಆದರೆ ಪ್ರತಿ ವರ್ಷ ಬೇಡಿಕೊಳ್ಳುವುದು ತಪ್ಪುತ್ತದೆ.

ಕೇಳಿ ಓದುವವಳು, ಕಾಸರಗೋಡು

ಎಲ್ಲರಿಗೂ ನನ್ನ ಪ್ರೀತಿಯ ವಂದನೆ. ಮಾಷ್ಟ್ರೇ, ಪದ್ಯಭಾಗ ನಿಮಗೆ ಮೇಲ್ ಮಾಡಿದ್ದೇನೆ. ಸರ್, ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಅಂಕಗಳನ್ನು ಪ್ರಶ್ನೆಯ ಕೊನೆಗೆ ‘5 ಅಂಕ’ ಎಂದು ಅಕ್ಷರ ಸೇರಿಸಿ ಬರೆಯಿರಿ. ಬರೀ 5 ಎಂದು ಬಲಗಡೆ ದೂರದಲ್ಲಿ ಇಟ್ಟರೆ ಅದು ಮುಂದಿನ ಪ್ರಶ್ನೆಯ ಸಂಖ್ಯೆಯ ಹಾಗೆ ಕೇಳುತ್ತದೆ.

ಎಣ್ಮಕಜೆಯವರೇ, ನೀವು ಯಾವ ಸೆಮಿಸ್ಟರ್? ಪಾಠ ಒಂದೇ ಆಗಿದ್ದರೆ ಮಾಷ್ಟ್ರು ಕಳಿಸಿದ್ದನ್ನು ನಿಮಗೂ ಕಳಿಸುತ್ತೇನೆ.

ಎಣ್ಮಕಜೆಯಿಂದ

ಮೂರನೆಯದು. ನಮ್ಮಲ್ಲಿ ಕಾಲೇಜು ಬೇರೆ, ಪಠ್ಯ ಒಂದೇ. ಕಳಿಸಿ. ಗದ್ಯಭಾಗದ ಎರಡು ಪಾಠ ನನ್ನ ಹತ್ತಿರ ಟೈಪ್ ಆಗಿದೆ, ತಂಗಿಯ ಕೈಯಲ್ಲಿ ಮಾಡಿಸಿದ್ದು. ಇವತ್ತು ರಾತ್ರಿ ಕಳಿಸುತ್ತೇನೆ, ನೀವು ಕೇಳಿ ನೋಡಿ ತಪ್ಪು ಇದ್ದರೆ ಹೇಳಿ.